ಒಟಿಪಿ ನೋಡಿದೆ, ಟೈಪ್ ಮಾಡುವಷ್ಟರಲ್ಲಿ ಮರೆತೆ: ಇದು ಅರಳುಮರಳಾ, ನಿದ್ದೆಗೇಡಾ?

ಪ್ರಶ್ನೆ: ಡಾಕ್ಟ್ರೇ, ನನಗೆ 42 ವರ್ಷ. ದಾವಣಗೆರೆಯಲ್ಲಿದ್ದೇನೆ, ಬ್ಯಾಂಕ್ ಕೌಂಟರ್‌ನಲ್ಲಿ ಕೆಲಸ. ಎಂಟು ತಿಂಗಳ ಹಿಂದೆ ಮಾವನವರಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಆಡುವುದಿಲ್ಲ. ರಾತ್ರಿ ಮೂರು ನಾಲ್ಕು ಸಲ ಅವರನ್ನು ಮೂತ್ರಕ್ಕೆ ಏಳಿಸಬೇಕು. ಏಳಿಸುವವಳು ನಾನೇ. ಮಲಗುವುದು ಹನ್ನೊಂದೂವರೆ, ಏಳುವುದು ಐದು. ಮೂರು ತಿಂಗಳಿಂದ ಮರೆವು ಜಾಸ್ತಿಯಾಗಿದೆ. ಗ್ರಾಹಕರು ಖಾತೆ ನಂಬರ್ ಹೇಳುತ್ತಾರೆ, ಕೀಬೋರ್ಡ್ ಕಡೆ ತಿರುಗುವಷ್ಟರಲ್ಲಿ ಕೊನೆಯ ಅಂಕಿಗಳು ಹೋಗಿರುತ್ತವೆ. ಆರಂಕಿಯ ಒಟಿಪಿಯನ್ನು ಎರಡೆರಡು ಸಲ ನೋಡಬೇಕು. ಅಡುಗೆಮನೆಗೆ ಹೋಗಿ 'ಯಾಕೆ ಬಂದೆ' ಅಂತ ನಿಲ್ಲುತ್ತೇನೆ. ಹೋದ ವಾರ ಹಾಲಿಟ್ಟು ಮರೆತು ಪಾತ್ರೆ ಸೀದುಹೋಯಿತು. ನಮ್ಮ ಅಜ್ಜಿಗೆ ಕೊನೆಗಾಲದಲ್ಲಿ ಅರಳುಮರಳು ಇತ್ತು. ನನಗೂ ಅದೇ ಶುರುವಾಯಿತಾ? ನಮ್ಮವರ ಸ್ನೇಹಿತರೊಬ್ಬರ ಮೆಡಿಕಲ್ ಶಾಪ್ ಇದೆ, 'ಅರ್ಧ ಆಲ್ಪ್ರಜೋಲಮ್ ತಗೊಳ್ಳಿ, ಗಾಢ ನಿದ್ದೆ ಬರುತ್ತೆ' ಅಂತಾರೆ. ಅತ್ತೆ ಒಂದೆಲಗದ ತಂಬುಳಿ ಮಾಡಿಕೊಡುತ್ತಿದ್ದಾರೆ. ಭಾನುವಾರ ಹತ್ತು ಗಂಟೆ ತನಕ ಮಲಗಿದರೆ ಸರಿಹೋಗುತ್ತಾ? ಮಗ ಈ ವರ್ಷ ಎಸ್ಸೆಸ್ಸೆಲ್ಸಿ. ಅವನನ್ನೂ ನಾಲ್ಕಕ್ಕೆ ಅಲಾರಂ ಇಟ್ಟು ಎಬ್ಬಿಸಿ ಓದಿಸುತ್ತಿದ್ದೇನೆ, ಅದು ಸರಿಯಾ? ಕೌಂಟರ್‌ನಿಂದ ಬೇರೆ ಕಡೆ ಹಾಕಿ ಅಂತ ಮ್ಯಾನೇಜರ್ ಹತ್ತಿರ ಕೇಳಲಾ ಅಂತಲೂ ಯೋಚಿಸುತ್ತಿದ್ದೇನೆ.

ಉತ್ತರ: ಮೊದಲು ನಿಮ್ಮ ಪತ್ರದ ಬಗ್ಗೆಯೇ ಒಂದು ಮಾತು. ಮೂಲ ಪತ್ರ ಇದರ ಮೂರರಷ್ಟು ಉದ್ದವಿತ್ತು. ಯಾವ ದಿನ ಏನು ಮರೆತಿರಿ, ಹಿಂದಿನ ರಾತ್ರಿ ಎಷ್ಟು ಸಲ ಎದ್ದಿದ್ದಿರಿ, ಎಲ್ಲವನ್ನೂ ದಿನಾಂಕದ ಸಮೇತ ಬರೆದಿದ್ದೀರಿ. ಅರಳುಮರಳು ಶುರುವಾದವರು ಇಂಥ ಲೆಕ್ಕ ಇಡುವುದು ಅಪರೂಪ. ಅವರನ್ನು ನನ್ನ ಹತ್ತಿರ ಕರೆತರುವವರು ಮನೆಯವರು. 'ನನಗೇನೂ ಆಗಿಲ್ಲ, ಇವರೇ ಸುಮ್ನೆ ಕರ್ಕೊಂಡು ಬಂದಿದ್ದಾರೆ' ಅನ್ನುತ್ತಾ ಕೂತಿರುತ್ತಾರೆ ಅವರು. ನಿಮ್ಮ ಮನೆಯಲ್ಲಿ ಉಲ್ಟಾ. ಭಯ ಬಿದ್ದಿರುವವರು ನೀವು, ಮನೆಯವರಿಗೆ ಇನ್ನೂ ಅಷ್ಟೇನೂ ಗೊತ್ತಾಗಿಲ್ಲ. ಇದೊಂದನ್ನೇ ನೋಡಿ ತೀರ್ಪು ಕೊಡಲು ಆಗುವುದಿಲ್ಲ. ಆದರೂ ಮೊದಲ ಸಮಾಧಾನ ಇಲ್ಲಿಂದಲೇ ಸಿಗುತ್ತದೆ.

ಎರಡನೆಯದು, ನೀವು ಕೊಟ್ಟ ಉದಾಹರಣೆಗಳು. ಖಾತೆ ನಂಬರ್, ಒಟಿಪಿ, ಹಾಲು, ಅಡುಗೆಮನೆ ಬಾಗಿಲು. ಇವ್ಯಾವುವೂ ನೆನಪಿನ ಉಗ್ರಾಣದಿಂದ ಕಳೆದುಹೋದವಲ್ಲ. ಉಗ್ರಾಣದ ಬಾಗಿಲಿಗೇ ಬರದೆ ಬಿದ್ದುಹೋದವು.

ನಿಮ್ಮ ಕೆಲಸದ ಭಾಷೆಯಲ್ಲೇ ಹೇಳುತ್ತೇನೆ. ತಾತ್ಕಾಲಿಕ ನೆನಪು ಅಂದರೆ ಕೌಂಟರ್ ಮೇಲಿನ ಟ್ರೇ. ಈಗ ಬಂದ ಚೆಕ್ಕು, ಚಲನ್ನು ಅದರಲ್ಲಿರುತ್ತದೆ. ಟ್ರೇ ಚಿಕ್ಕದು. 1956ರಲ್ಲಿ ಜಾರ್ಜ್ ಮಿಲ್ಲರ್ ಎಂಬ ಮನಶ್ಶಾಸ್ತ್ರಜ್ಞ ಅದರಲ್ಲಿ ಹಿಡಿಸುವುದು ಏಳು ಸಂಗತಿ, ಎರಡು ಹೆಚ್ಚುಕಡಿಮೆ ಅಂದರು. 2001ರಲ್ಲಿ ನೆಲ್ಸನ್ ಕೋವನ್ ಎಂಬವರು, ಗುಂಪು ಮಾಡಿಕೊಳ್ಳುವ ಉಪಾಯ ಬಿಟ್ಟರೆ ನಿಜಕ್ಕೂ ಹಿಡಿಸುವುದು ನಾಲ್ಕೇ ಅಂತ ವಾದಿಸಿದರು. ಅಂದರೆ ಆರಂಕಿಯ ಒಟಿಪಿ ಚೆನ್ನಾಗಿ ನಿದ್ದೆ ಮಾಡಿದವರ ಟ್ರೇಯಲ್ಲೂ ಅಂಚಿನ ತನಕ ತುಂಬಿಕೊಳ್ಳುತ್ತದೆ. ಅದನ್ನು ಬೀಳದಂತೆ ಹಿಡಿದಿರುವ ಕೈ ಗಮನ. ಕೈ ಒಂದು ಕ್ಷಣ ಸಡಿಲವಾದರೆ ಟ್ರೇ ಮಗುಚಿತು.

ಟ್ರೇಯಲ್ಲಿದ್ದದ್ದು ದಿನದ ಪುಸ್ತಕಕ್ಕೆ ಏರಬೇಕು. ಮೆದುಳಿನಲ್ಲಿ ಆ ಕೆಲಸ ಮಾಡುವ ಭಾಗದ ಹೆಸರು ಹಿಪ್ಪೋಕ್ಯಾಂಪಸ್. ಅಲ್ಲಿಂದ ಮುಂದಕ್ಕೆ, ಬಹುಕಾಲ ಉಳಿಯುವ ಲೆಕ್ಕಕ್ಕೆ ಹೋಗುವುದು ಹೆಚ್ಚಾಗಿ ನಿದ್ದೆಯಲ್ಲಿ. ನಿಮ್ಮ ಬ್ಯಾಂಕಿನಲ್ಲಿ ದಿನದ ಕೊನೆಗೆ ಲೆಕ್ಕವೆಲ್ಲ ಮುಗಿಸಿ ಡೇ ಎಂಡ್ ಮಾಡುತ್ತೀರಲ್ಲ, ಹಾಗೆ. ರಾತ್ರಿಯ ಮೊದಲ ಅರ್ಧದಲ್ಲಿ ಗಾಢ ನಿದ್ದೆ ಜಾಸ್ತಿ, ಕನಸಿನ ನಿದ್ದೆ ಬೆಳಗಿನ ಜಾವದ ಕಡೆ ಜಾಸ್ತಿ. ಇವೆರಡೂ ಸೇರಿದ ನಿದ್ದೆಯ ಒಂದು ಸುತ್ತು ಸುಮಾರು ಒಂದೂವರೆ ಗಂಟೆ. ನೀವು ಮಲಗುವುದೇ ಐದೂವರೆ ಗಂಟೆ, ಅದರಲ್ಲೂ ಮೂರು ನಾಲ್ಕು ಸಲ ಏಳುತ್ತೀರಿ. ಸಿಸ್ಟಮ್ ಡೇ ಎಂಡ್ ಶುರು ಮಾಡಿದಾಗಲೆಲ್ಲ ಯಾರೋ ಬಂದು ಪ್ಲಗ್ ಕಿತ್ತ ಹಾಗೆ.

ನಿದ್ದೆ ಕಡಿಮೆಯಾದಾಗ ಮೊದಲು ಏಟು ಬೀಳುವುದು ಆ ಕೈಗೆ, ಗಮನಕ್ಕೆ. ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ, ಮಲಗಿದಾಗ ಇಳಿಯುತ್ತದೆ. ಪೂರ್ತಿ ಇಳಿಯದೆ ಎದ್ದರೆ ಹಣೆಯ ಹಿಂದಿನ ಭಾಗ ಮಂಕಾಗುತ್ತದೆ. ಒಂದನ್ನು ಹಿಡಿದುಕೊಂಡು ಇನ್ನೊಂದನ್ನು ಮಾಡುವ ಕೆಲಸ ಅದರದ್ದೇ. 2011ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ನಿದ್ದೆಗೆಟ್ಟ ಇಲಿಗಳಲ್ಲಿ ಒಂದು ವಿಚಿತ್ರ ಕಂಡರು. ಇಲಿ ಕಣ್ಣು ಬಿಟ್ಟು ಓಡಾಡುತ್ತಿದೆ, ಆದರೆ ಮೆದುಳಿನ ಅಲ್ಲೊಂದು ಇಲ್ಲೊಂದು ನರಕೋಶದ ಗುಂಪು ಆ ಕ್ಷಣಕ್ಕೆ ನಿದ್ದೆ ಹೋಗಿದೆ. ಮನುಷ್ಯರಲ್ಲೂ ಒಂದೆರಡು ಸೆಕೆಂಡಿನ ಜೊಂಪು ಹೀಗೇ ಗೊತ್ತಾಗದಂತೆ ಬಂದುಹೋಗುತ್ತದೆ. ಗ್ರಾಹಕರು 'ಏಳು ಸೊನ್ನೆ ಮೂರು' ಅಂದ ಆ ಎರಡು ಸೆಕೆಂಡಿನಲ್ಲಿ ನಿಮ್ಮ ಕಣ್ಣು ಅವರ ಮೇಲೇ ಇರುತ್ತದೆ. ಕೇಳಿಸಿಕೊಂಡೆ ಅಂತಲೇ ಅನ್ನಿಸುತ್ತದೆ.

ಇದರ ತುದಿ ಹೇಗಿರುತ್ತದೆ ಅನ್ನುವುದಕ್ಕೆ ಒಂದು ಹಳೇ ಕಥೆ ಇದೆ. 1963ರ ಡಿಸೆಂಬರ್ ಕೊನೆಯಿಂದ 1964ರ ಜನವರಿವರೆಗೆ ಅಮೆರಿಕದ ಸ್ಯಾನ್ ಡಿಯೇಗೊದ ರ್‍ಯಾಂಡಿ ಗಾರ್ಡ್ನರ್ ಎಂಬ 17ರ ಹುಡುಗ ಶಾಲೆಯ ವಿಜ್ಞಾನ ಪ್ರಯೋಗಕ್ಕೆಂದು ಹನ್ನೊಂದು ದಿನ, ಸುಮಾರು 264 ಗಂಟೆ, ಎಚ್ಚರವಿದ್ದ. ಕೊನೆಯ ದಿನ ಅವನಿಗೆ ನೂರರಿಂದ ಏಳೇಳು ಕಳೆಯುತ್ತಾ ಹೋಗು ಅಂದರು. 93, 86, 79... 65ಕ್ಕೆ ಬಂದು ನಿಂತ. ಯಾಕಪ್ಪಾ ನಿಲ್ಲಿಸಿದೆ ಅಂದರೆ, ಏನು ಮಾಡುತ್ತಿದ್ದೆ ಅನ್ನುವುದೇ ಮರೆತುಹೋಯಿತು ಅಂದ. (72 ಆದ ಮೇಲೆ 65, ಲೆಕ್ಕವೇನೋ ಸರಿಯಾಗಿಯೇ ಇತ್ತು ನೋಡಿ.) ಅವನಿಗೆ ಕಳೆಯುವ ಲೆಕ್ಕ ಮರೆತಿರಲಿಲ್ಲ. 'ಈಗ ನಾನೇನು ಮಾಡುತ್ತಿದ್ದೇನೆ' ಅನ್ನುವ ಚೀಟಿ ಟ್ರೇಯಿಂದ ಹಾರಿಹೋಗಿತ್ತು. ನೀವು ಅಡುಗೆಮನೆ ಬಾಗಿಲಲ್ಲಿ ನಿಲ್ಲುವುದು ಇದರ ತೀರಾ ಸಣ್ಣ ರೂಪ.

ನಾನೂ ಅಲ್ಲಿ ನಿಂತವನೇ. ಪಿ.ಜಿ. ಮಾಡುವಾಗ ಒಮ್ಮೆ ಮೂವತ್ತು ಗಂಟೆಯ ಡ್ಯೂಟಿ ಮುಗಿಸುತ್ತಿದ್ದೆ. ಪಕ್ಕದ ಮಂಚದ ರೋಗಿಗೆ ಬರೆಯಬೇಕಾದ ಪೊಟ್ಯಾಸಿಯಂ ಡ್ರಿಪ್ಪನ್ನು ಬೇರೆಯವರ ಕೇಸ್ ಶೀಟಿನಲ್ಲಿ ಬರೆದುಬಿಟ್ಟೆ. ಸಿಸ್ಟರ್ ಒಬ್ಬರು ಗಟ್ಟಿಯಾಗಿ ಓದಿ ಹೇಳಿ, 'ಸರ್, ಇವರಿಗಾ?' ಅಂತ ಕೇಳಿದರು. ಕೇಳದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ನೆನೆಸಿಕೊಳ್ಳುವುದಿಲ್ಲ. ಅವತ್ತು ನನ್ನನ್ನು ಯಾರಾದರೂ ಕೇಳಿದ್ದರೆ 'ಫ್ರೆಶ್ ಆಗಿದ್ದೀನಿ' ಅನ್ನುತ್ತಿದ್ದೆ.

ನಿದ್ದೆಗೇಡಿನ ದೊಡ್ಡ ಮೋಸ ಇದೇ. 2003ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಆರೋಗ್ಯವಂತರನ್ನು ಪ್ರಯೋಗಾಲಯದಲ್ಲೇ ಇಟ್ಟು, ಕೆಲವರಿಗೆ ದಿನಕ್ಕೆ ನಾಲ್ಕು, ಕೆಲವರಿಗೆ ಆರು, ಕೆಲವರಿಗೆ ಎಂಟು ಗಂಟೆ ಮಾತ್ರ ಮಲಗಲು ಬಿಟ್ಟರು. ಎರಡು ವಾರ. ನಾಲ್ಕು, ಆರು ಗಂಟೆಯವರ ಗಮನವೂ ತಾತ್ಕಾಲಿಕ ನೆನಪೂ ದಿನದಿಂದ ದಿನಕ್ಕೆ ಇಳಿಯುತ್ತಲೇ ಹೋದವು. ಕೊನೆಗೆ ಒಂದೆರಡು ರಾತ್ರಿ ಪೂರ್ತಿ ಜಾಗರಣೆ ಮಾಡಿದವರ ಮಟ್ಟಕ್ಕೆ ಬಂದು ನಿಂತಿದ್ದರು. ಆದರೆ 'ನಿದ್ದೆ ಬರ್ತಿದೆಯಾ?' ಅಂತ ಕೇಳಿದರೆ, ಮೊದಲ ಕೆಲವು ದಿನ ಬಿಟ್ಟರೆ, ಅಂಥ ವ್ಯತ್ಯಾಸವೇನೂ ಇಲ್ಲ ಅನ್ನುತ್ತಿದ್ದರು. 'ನನಗೆ ಐದು ಗಂಟೆ ಸಾಕು, ಅಭ್ಯಾಸ ಆಗಿದೆ' ಅನ್ನುವವರು ನಿಮ್ಮ ಆಫೀಸಿನಲ್ಲೂ ಇರುತ್ತಾರೆ. ಅಭ್ಯಾಸ ಆಗಿರುವುದು ಮಂಕುತನಕ್ಕೆ. ನಿಜವಾಗಿಯೂ ಅಷ್ಟರಲ್ಲೇ ಸಾಕಾಗುವವರು ತೀರಾ ವಿರಳ ಅಂದುಕೊಂಡೇ ನಡೆಯಿರಿ. ಮೋಸ ಹೋಗುವುದಿಲ್ಲ.

ನಿಮ್ಮದರಲ್ಲಿ ಇನ್ನೊಂದು ಪೆಟ್ಟು ಸೇರಿದೆ. ಗಂಟೆ ಕಡಿಮೆ ಅನ್ನುವುದು ಒಂದು, ತುಂಡು ನಿದ್ದೆ ಅನ್ನುವುದು ಇನ್ನೊಂದು. ಟೆಲ್ ಅವೀವ್ ವಿಶ್ವವಿದ್ಯಾಲಯದವರು 2014ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಎಂಟು ಗಂಟೆ ಹಾಸಿಗೆಯಲ್ಲಿದ್ದರೂ ನಡುವೆ ನಾಲ್ಕು ಸಲ ಎಬ್ಬಿಸಿ, ಪ್ರತಿ ಸಲವೂ ಹತ್ತು ಹದಿನೈದು ನಿಮಿಷ ಎಚ್ಚರ ಇಟ್ಟರೆ ಏನಾಗುತ್ತದೆ ಅಂತ ನೋಡಿದರು. ಒಂದೇ ರಾತ್ರಿಗೆ ಆ ಜನರ ಗಮನ, ಮನಸ್ಸಿನ ಸ್ಥಿತಿ ಎರಡೂ ಬರೀ ನಾಲ್ಕು ಗಂಟೆ ಮಲಗಿದವರ ಹಾಗೆಯೇ ಇತ್ತು. ಎಳೆ ಮಕ್ಕಳ ತಾಯಂದಿರಿಗೆ ಇದು ಪ್ರಯೋಗ ಇಲ್ಲದೆಯೇ ಗೊತ್ತು. ನೀವು ಎಂಟು ತಿಂಗಳಿಂದ ಬಾಣಂತಿಯ ರಾತ್ರಿಗಳನ್ನು ಕಳೆಯುತ್ತಿದ್ದೀರಿ, ಹಗಲು ಮಾತ್ರ ಬಾಣಂತನದ ಆರೈಕೆ ಇಲ್ಲ.

ಈಗ ಅಜ್ಜಿಯ ವಿಷಯ. ಅಜ್ಜಿಗೆ ಇಳಿವಯಸ್ಸಿನಲ್ಲಿ ಮರೆವಿನ ಕಾಯಿಲೆ ಬಂದಿತ್ತು ಅನ್ನುವುದರಿಂದ ನಿಮಗೆ 42ಕ್ಕೇ ಬರುತ್ತದೆ ಅಂತ ಆಗುವುದಿಲ್ಲ. ಆ ಕಾಯಿಲೆಯಲ್ಲಿ ಮರೆವಿನ ರೀತಿಯೇ ಬೇರೆ. ಹೇಳಿದ್ದನ್ನು ಹತ್ತು ನಿಮಿಷದಲ್ಲಿ ಮತ್ತೆ ಕೇಳುತ್ತಾರೆ, ನೆನಪಿಸಿದರೂ 'ಹೌದಲ್ಲ' ಅನ್ನುವುದಿಲ್ಲ. ದಿನಾ ಹೋಗುವ ದಾರಿ ತಪ್ಪುತ್ತದೆ. ಇಪ್ಪತ್ತು ವರ್ಷ ಮಾಡಿದ ಕೆಲಸದ ಹಂತಗಳೇ ಗೊಂದಲವಾಗುತ್ತವೆ. ನಿಮಗೆ ಹಾಗಿಲ್ಲ. ಸೀದ ವಾಸನೆ ಬಂದ ಕೂಡಲೇ 'ಅಯ್ಯೋ ಹಾಲು' ಅಂತ ಓಡಿದಿರಿ. ನೆನಪು ಅಲ್ಲೇ ಇತ್ತು, ಸಮಯಕ್ಕೆ ಎದ್ದು ಬರಲಿಲ್ಲ ಅಷ್ಟೇ.

ಹಾಗಂತ ಇದನ್ನು ಹೀಗೇ ವರ್ಷಗಟ್ಟಲೆ ಎಳೆಯಬಹುದು ಅಂತಲ್ಲ. ಬ್ರಿಟನ್ನಿನ ಸುಮಾರು ಎಂಟು ಸಾವಿರ ಸರ್ಕಾರಿ ನೌಕರರನ್ನು 25 ವರ್ಷ ಗಮನಿಸಿದ ಅಧ್ಯಯನವೊಂದು 2021ರಲ್ಲಿ ಬಂತು. 50, 60, 70ರ ವಯಸ್ಸಿನಲ್ಲಿ ಸತತವಾಗಿ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರಲ್ಲಿ ಮುಂದೆ ಮರೆವಿನ ಕಾಯಿಲೆಯ ಸಾಧ್ಯತೆ ಶೇ 30ರಷ್ಟು ಹೆಚ್ಚು ಕಂಡಿತು. ನಿದ್ದೆ ಕಡಿಮೆಯಾದದ್ದೇ ಕಾರಣ ಅಂತ ಇದರಿಂದ ಸಾಬೀತಾಗುವುದಿಲ್ಲ. ಎಂಟು ತಿಂಗಳಿಗೂ ಇಪ್ಪತ್ತೈದು ವರ್ಷಕ್ಕೂ ಹೋಲಿಕೆಯೂ ಇಲ್ಲ. ನಾನು ಇದನ್ನು ಹೇಳಿದ್ದು ನಿಮ್ಮನ್ನು ಹೆದರಿಸಲಿಕ್ಕಲ್ಲ, ಮನೆಯವರ ಎದುರು ಮಾತಾಡುವಾಗ ನಿಮ್ಮ ಕೈಯಲ್ಲಿರಲಿ ಅಂತ.

ಭಾನುವಾರದ ನಿದ್ದೆ, ತಂಬುಳಿ, ನಾಲ್ಕು ಗಂಟೆ ಓದು

ಭಾನುವಾರ ಒಂದೆರಡು ಗಂಟೆ ಜಾಸ್ತಿ ಮಲಗಿ, ತಪ್ಪೇನಿಲ್ಲ. ಆದರೆ ಅದು ಬಡ್ಡಿ ಕಟ್ಟಿದ ಹಾಗೆ, ಅಸಲು ಹಾಗೇ ಇರುತ್ತದೆ. 2003ರದ್ದೇ ಇನ್ನೊಂದು ಪ್ರಯೋಗದಲ್ಲಿ ಒಂದು ವಾರ ಕಡಿಮೆ ಮಲಗಿದವರಿಗೆ ಆಮೇಲೆ ಮೂರು ರಾತ್ರಿ ಎಂಟೆಂಟು ಗಂಟೆ ಕೊಟ್ಟರೂ ಗಮನ ಪೂರ್ತಿ ಮೊದಲಿನ ಮಟ್ಟಕ್ಕೆ ಬರಲಿಲ್ಲ. ಹತ್ತರ ತನಕ ಮಲಗಿದರೆ ಭಾನುವಾರ ರಾತ್ರಿ ನಿದ್ದೆ ಹತ್ತುವುದಿಲ್ಲ, ಸೋಮವಾರ ಕೌಂಟರ್‌ನಲ್ಲಿ ರಶ್ ಬೇರೆ. ಏಳು ಗಂಟೆಗೆ ಎದ್ದು, ಮಧ್ಯಾಹ್ನ ಊಟದ ಮೇಲೆ ಅರ್ಧ ಗಂಟೆ ಮಲಗುವುದು ಮೇಲು.

ಒಂದೆಲಗದ ಬಗ್ಗೆ ಒಂದು ಗೊಂದಲ ಬಿಡಿಸಬೇಕು. ನಮ್ಮಲ್ಲಿ ಒಂದೆಲಗಕ್ಕೂ ಬ್ರಾಹ್ಮಿ ಅಂತಾರೆ, ನೀರುಬ್ರಾಹ್ಮಿಗೂ ಬ್ರಾಹ್ಮಿ ಅಂತಾರೆ. ಎರಡೂ ಬೇರೆ ಬೇರೆ ಗಿಡ. ಸಣ್ಣ ಪ್ರಯೋಗಗಳಲ್ಲಿ ಹನ್ನೆರಡು ವಾರ ಕೊಟ್ಟು ನೆನಪಿಗೆ ಸ್ವಲ್ಪ ಅನುಕೂಲ ಕಂಡದ್ದು ಮುಖ್ಯವಾಗಿ ನೀರುಬ್ರಾಹ್ಮಿಯ ಸಾರದಲ್ಲಿ. ಅದೂ ನಿದ್ದೆಗೆಟ್ಟವರಿಗೆ ಅಂತ ಮಾಡಿದ್ದಲ್ಲ. ತಂಬುಳಿ ಊಟಕ್ಕೆ ಚೆನ್ನಾಗಿರುತ್ತದೆ, ಅತ್ತೆಯವರ ಪ್ರೀತಿಯೂ ಇದೆ, ಖಂಡಿತ ತಿನ್ನಿ. ಅವರು ನಿಜಕ್ಕೂ ಸಹಾಯ ಮಾಡಬೇಕು ಅಂದುಕೊಂಡಿದ್ದರೆ ತಂಬುಳಿಗಿಂತ ದೊಡ್ಡ ಔಷಧಿ ಅವರ ಕೈಯಲ್ಲಿದೆ, ಮುಂದೆ ಹೇಳುತ್ತೇನೆ.

ಕಾಫಿ ಬಗ್ಗೆ ನೀವು ಕೇಳಿಲ್ಲ, ಆದರೆ ದಿನಕ್ಕೆ ಐದು ಲೋಟ ಅಂತ ಬರೆದಿದ್ದೀರಿ. ಕಾಫಿ ಅಡಿನೋಸಿನ್ನನ್ನು ಕಡಿಮೆ ಮಾಡುವುದಿಲ್ಲ, ಅದು ಕೂರುವ ಜಾಗದಲ್ಲಿ ತಾನು ಕೂತುಬಿಡುತ್ತದೆ. ಸಾಲ ತೀರಿಲ್ಲ, ಸಾಲ ಕೇಳಲು ಬಂದವನಿಗೆ ಬಾಗಿಲು ಹಾಕಿದ್ದೀರಿ ಅಷ್ಟೇ. ಎಚ್ಚರ ಬರುತ್ತದೆ, ಆದರೆ ಹಿಂದಿನ ರಾತ್ರಿಯ ಡೇ ಎಂಡ್ ಅದರಿಂದ ಆಗುವುದಿಲ್ಲ. ಕುಡಿದದ್ದರಲ್ಲಿ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರರ ಲೋಟ ರಾತ್ರಿ ಹನ್ನೊಂದಕ್ಕೂ ಅರ್ಧ ಉಳಿದಿರುತ್ತದೆ. ಮಧ್ಯಾಹ್ನ ಎರಡಕ್ಕೆ ಕೊನೆಯದು ಅಂತ ಮಾಡಿಕೊಳ್ಳಿ.

ಮಗನ ಓದಿನ ಬಗ್ಗೆ ನಾನು ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಬ್ರಾಹ್ಮೀ ಮುಹೂರ್ತದಲ್ಲಿ ಓದಿದ್ದು ತಲೆಗೆ ಹತ್ತುತ್ತದೆ ಅನ್ನುವುದು ಒಂಬತ್ತಕ್ಕೆ ಮಲಗುತ್ತಿದ್ದ ಕಾಲದ ಮಾತು. ಆಗ ನಾಲ್ಕಕ್ಕೆ ಎದ್ದರೂ ಏಳು ಗಂಟೆ ಆಗಿರುತ್ತಿತ್ತು. ಟ್ಯೂಷನ್ ಮುಗಿಸಿ ಹನ್ನೊಂದಕ್ಕೆ ಮಲಗುವ ಹುಡುಗನನ್ನು ನಾಲ್ಕಕ್ಕೆ ಎಬ್ಬಿಸಿದರೆ ಅವನು ರಾತ್ರಿ ಓದಿದ್ದು ಪುಸ್ತಕಕ್ಕೆ ಏರುವ ಮುಂಚೆಯೇ ಕೌಂಟರ್ ತೆರೆದ ಹಾಗೆ. ಆ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ಬೇಕು. ಓದಿ ಮಲಗಿದರೆ ಮರೆವು ಕಡಿಮೆ ಅಂತ 1924ರಲ್ಲೇ ಅಮೆರಿಕದ ಕಾರ್ನೆಲ್‌ನಲ್ಲಿ ಜೆಂಕಿನ್ಸ್, ಡಾಲೆನ್‌ಬಾಕ್ ಎಂಬಿಬ್ಬರು ತೋರಿಸಿದ್ದರು. ಅವರು ಕಲಿಸಿದ್ದು ಅರ್ಥವೇ ಇಲ್ಲದ ಅಕ್ಷರಗಳ ಗುಂಪು, ಕಲಿತವರು ಇಬ್ಬರೇ ವಿದ್ಯಾರ್ಥಿಗಳು. ಆದರೂ ನೂರು ವರ್ಷದಲ್ಲಿ ಬಂದ ದೊಡ್ಡ ಪ್ರಯೋಗಗಳು ಆ ಮಾತನ್ನು ಅಲ್ಲಗಳೆದಿಲ್ಲ. ಮಗನಿಗೆ ಬೆಳಿಗ್ಗೆಯೇ ಓದಬೇಕಿದ್ದರೆ ಟ್ಯೂಷನ್ ಹೊತ್ತು ಬದಲಿಸಿ, ಒಂಬತ್ತೂವರೆಗೆ ಮಲಗಿಸಿ. ಆಗದಿದ್ದರೆ ಆರಕ್ಕೆ ಎಬ್ಬಿಸಿ.

ಆ ಅರ್ಧ ಮಾತ್ರೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ನಿಮಗೆ ನಿದ್ದೆ ಬಾರದ ಕಾಯಿಲೆ ಇಲ್ಲ. ದಿಂಬಿಗೆ ತಲೆ ಕೊಟ್ಟರೆ ಎರಡು ನಿಮಿಷಕ್ಕೆ ನಿದ್ದೆ ಅಂತ ನೀವೇ ಬರೆದಿದ್ದೀರಿ. 'ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ' ಅಂತಾರೆ. ನಿಮಗೆ ಚಿಂತೆ ಇದ್ದೂ ಸಂತೆಯಲ್ಲೂ ನಿದ್ದೆ ಬರುತ್ತದೆ, ಮಲಗಲು ಬಿಡುವವರಿಲ್ಲ. ಹಸಿದವರಿಗೆ ಅನ್ನ ಕೊಡದೆ ಹಸಿವಾಗುವ ಟಾನಿಕ್ ಕೊಟ್ಟ ಹಾಗಾಗುತ್ತದೆ ಇದು.

ಅಷ್ಟೇ ಆಗಿದ್ದರೆ ದುಡ್ಡು ದಂಡ ಅಂದುಕೊಳ್ಳಬಹುದಿತ್ತು. ಆದರೆ ಆಲ್ಪ್ರಜೋಲಮ್ ಜಾತಿಯ ಮಾತ್ರೆಗಳು ಹೊಸ ನೆನಪು ದಾಖಲಾಗುವುದನ್ನೇ ತಡೆಯುತ್ತವೆ. ಎಂಡೋಸ್ಕೋಪಿಗೆ ಮುಂಚೆ ಇದೇ ಜಾತಿಯ ಮಿಡಜೋಲಮ್ ಕೊಡುವುದರ ಉದ್ದೇಶಗಳಲ್ಲಿ ಒಂದು, ರೋಗಿಗೆ ಆ ಕಿರಿಕಿರಿ ನೆನಪಿನಲ್ಲಿ ಉಳಿಯದಿರಲಿ ಅಂತ. ಮರೆವಿಗೆ ಮದ್ದು ಅಂತ ಮರೆಸುವ ಮದ್ದು! ಕೆಲವು ವಾರ ದಿನಾ ತೆಗೆದುಕೊಂಡರೆ ದೇಹ ಅದಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ತಟ್ಟನೆ ಬಿಟ್ಟರೆ ನಿದ್ದೆಯೂ ಹೋಗುತ್ತದೆ, ನಡುಕ, ಗಾಬರಿ, ಅಪರೂಪಕ್ಕೆ ಫಿಟ್ಸ್ ಕೂಡ ಬರಬಹುದು. ನಿಮ್ಮ ಮನೆಯಲ್ಲಿ ಇನ್ನೂ ಒಂದು ಅಪಾಯವಿದೆ. ರಾತ್ರಿ ಮಾವ ಕರೆದಾಗ ಮಂಪರಿನಲ್ಲಿ ಎದ್ದು ಅವರನ್ನು ಎತ್ತಲು ಹೋದರೆ ಇಬ್ಬರೂ ಬೀಳುತ್ತೀರಿ. ಆಲ್ಪ್ರಜೋಲಮ್, ನಿದ್ದೆಗೆಂದೇ ಕೊಡುವ ಇನ್ನೊಂದು ಮಾತ್ರೆ ಜೋಲ್ಪಿಡೆಮ್, ಎರಡೂ 2014ರಿಂದ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರಿದ್ದಕ್ಕೆ ಅಂಗಡಿಯವರು ಬೇರೆ ರಿಜಿಸ್ಟರ್ ಇಡಬೇಕು. ಸ್ನೇಹಿತರಿಗೆ ಇದನ್ನು ನಗುತ್ತಲೇ ನೆನಪಿಸಿ. ಈ ಮಾತ್ರೆಗಳಿಗೆ ಅವುಗಳದ್ದೇ ಜಾಗ ಇದೆ, ನಾನೂ ಬರೆಯುತ್ತೇನೆ. ನಿಮಗೆ ಬರೆಯುವುದಿಲ್ಲ. ನೆಗಡಿ, ಅಲರ್ಜಿಯ ಮಂಪರು ತರಿಸುವ ಮಾತ್ರೆಗಳನ್ನು ನಿದ್ದೆಗೆ ಅಂತ ನುಂಗುವುದೂ ಬೇಡ. ಮರುದಿನ ಮಧ್ಯಾಹ್ನದ ತನಕ ತಲೆ ಮಂಜಾಗಿರುತ್ತದೆ.

ಹಾಗಾದರೆ ಮಾಡುವುದೇನು?

ನಿಮಗೆ ಬೇಕಿರುವುದು ನಡುವೆ ತುಂಡಾಗದ ಐದು ಗಂಟೆ. ಅದು ಸಿಕ್ಕರೆ ಉಳಿದದ್ದನ್ನು ಆಮೇಲೆ ನೋಡೋಣ.

ನಿಮ್ಮವರು ಅಂಗಡಿ ಮುಚ್ಚಿ ಒಂಬತ್ತೂವರೆಗೆ ಬರುತ್ತಾರೆ, ಊಟ ಮಾಡಿ ಹನ್ನೆರಡರ ತನಕ ಮೊಬೈಲ್ ನೋಡುತ್ತಾ ಎಚ್ಚರವೇ ಇರುತ್ತಾರೆ ಅಂತ ಬರೆದಿದ್ದೀರಿ. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಹತ್ತರಿಂದ ಮೂರರವರೆಗೆ ಮಾವನವರ ಜವಾಬ್ದಾರಿ ಅವರದ್ದು, ಮೂರರ ಮೇಲೆ ನಿಮ್ಮದು. ನೀವು ಹತ್ತಕ್ಕೆ ಬೇರೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಿ. ಬಾಗಿಲು ಹಾಕುವುದು ಮುಖ್ಯ. ಇಲ್ಲದಿದ್ದರೆ ಕಿವಿ ಮಲಗುವುದಿಲ್ಲ, ಮಾವ ಕೆಮ್ಮಿದರೂ ನೀವು ಎದ್ದು ಕೂರುತ್ತೀರಿ. ರಾತ್ರಿ ಪಾತ್ರೆ, ಬೆಳಗಿನ ಡಬ್ಬಿಯ ತಯಾರಿ ಅತ್ತೆಯವರು ನೋಡಿಕೊಂಡರೆ ನಿಮ್ಮ ಹತ್ತು ಗಂಟೆ ನಿಜಕ್ಕೂ ಹತ್ತು ಗಂಟೆಯಾಗುತ್ತದೆ. ತಂಬುಳಿಗಿಂತ ದೊಡ್ಡ ಔಷಧಿ ಅಂದೆನಲ್ಲ, ಇದೇ. ಇದರಲ್ಲೂ ಕಷ್ಟ ಇದೆ, ನಿಮ್ಮವರ ನಿದ್ದೆಗೂ ಕತ್ತರಿ ಬೀಳುತ್ತದೆ. ಆದರೆ ಇಬ್ಬರೂ ಅರ್ಧರ್ಧ ಹೊರುವುದಕ್ಕೂ ಒಬ್ಬರೇ ಪೂರ್ತಿ ಹೊತ್ತು ಬೀಳುವುದಕ್ಕೂ ವ್ಯತ್ಯಾಸವಿದೆ. ಗಂಡಸರನ್ನು ಮೂತ್ರಕ್ಕೆ ಎತ್ತಿ ಕೂರಿಸುವ ಕೆಲಸಕ್ಕೆ ಸೊಸೆಗಿಂತ ಮಗ ಇದ್ದರೆ ಮಾವನವರಿಗೂ ಸಂಕೋಚ ಕಡಿಮೆ. ಇದನ್ನು ಅವರು ಬಾಯಿಬಿಟ್ಟು ಹೇಳಿರುವುದಿಲ್ಲ.

ಆ ಮೂರು ನಾಲ್ಕು ಸಲವನ್ನೇ ಕಡಿಮೆ ಮಾಡಲು ಆಗುತ್ತದಾ ಅಂತಲೂ ನೋಡಿ. ಅವರ ಬಿ.ಪಿ. ಮಾತ್ರೆಗಳಲ್ಲಿ ಮೂತ್ರ ಹೆಚ್ಚು ಹೋಗಿಸುವಂಥದ್ದು ಇದೆಯಾ, ಅದನ್ನು ರಾತ್ರಿ ಕೊಡುತ್ತಿದ್ದೀರಾ ಅಂತ ಅವರ ವೈದ್ಯರನ್ನು ಕೇಳಿ. ಇದ್ದರೆ ಬೆಳಿಗ್ಗೆಗೆ ಬದಲಿಸಬಹುದು. ನೀವೇ ಬದಲಿಸಬೇಡಿ. ಸಕ್ಕರೆ ಕಾಯಿಲೆ, ಪ್ರಾಸ್ಟೇಟ್, ಮೂತ್ರದ ಸೋಂಕು ಇದೆಯಾ ಅಂತ ಒಮ್ಮೆ ಪರೀಕ್ಷೆ ಮಾಡಿಸಿ. ಸಂಜೆ ಏಳರ ಮೇಲೆ ನೀರು, ಮಜ್ಜಿಗೆ ಕಡಿಮೆ ಮಾಡಿ, ಹಗಲು ಸರಿಯಾಗಿ ಕುಡಿಸಿ. ಎಡಗೈ ಚೆನ್ನಾಗಿದೆಯಲ್ಲ, ಮಂಚದ ಎಡಕ್ಕೆ ಯೂರಿನ್ ಪಾಟ್ ಇಟ್ಟು ರೂಢಿ ಮಾಡಿಸಿದರೆ ಎರಡು ಸಲವಾದರೂ ಯಾರನ್ನೂ ಕರೆಯಬೇಕಾಗುವುದಿಲ್ಲ. ಫಿಸಿಯೋಥೆರಪಿಯವರು ಇದನ್ನು ಕಲಿಸುತ್ತಾರೆ. ಮೂತ್ರ ಹೋಗಲು ಒಳಗೆ ಹಾಕುವ ನಳಿಕೆ, ಕ್ಯಾಥೆಟರ್, ಸುಲಭ ಅನ್ನಿಸಬಹುದು, ಆದರೆ ನಮ್ಮ ಅನುಕೂಲಕ್ಕಾಗಿ ಅಷ್ಟೇ ಹಾಕಿಸಬೇಡಿ. ದಿನ ಕಳೆದಂತೆ ಸೋಂಕು ಬರುವುದು ಹೆಚ್ಚು. ರಾತ್ರಿ ಅಟೆಂಡರ್ ಇಡುವುದು ದುಬಾರಿ. ದಿನಾ ಆಗದಿದ್ದರೂ ವಾರಕ್ಕೆ ಎರಡು ರಾತ್ರಿ, ತಿಂಗಳ ಕೊನೆಯ ಕೆಲಸದೊತ್ತಡದ ದಿನಗಳಲ್ಲಿ, ಆಗುತ್ತದಾ ನೋಡಿ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ಮೇಜಿನ ಮೇಲೆ ತಲೆಯಿಟ್ಟರೂ ನಡೆಯುತ್ತದೆ. ಅಮೆರಿಕದ ನಾಸಾದವರು ದೂರದ ವಿಮಾನಗಳ ಪೈಲಟ್‌ಗಳ ಮೇಲೆ ಇದನ್ನು ನೋಡಿದ್ದರು. ಸರಾಸರಿ 26 ನಿಮಿಷದ ಜೊಂಪಿನಿಂದ ಆಮೇಲಿನ ಎಚ್ಚರ ಸ್ಪಷ್ಟವಾಗಿ ಮೇಲಾಗಿತ್ತು. ಅರ್ಧ ಗಂಟೆ ದಾಟಿಸಬೇಡಿ. ಗಾಢ ನಿದ್ದೆಯಿಂದ ಎದ್ದರೆ ಸ್ವಲ್ಪ ಹೊತ್ತು ಇನ್ನೂ ಮಂಕಾಗಿರುತ್ತದೆ.

ಇದೆಲ್ಲ ಸರಿಹೋಗುವ ತನಕ ತಲೆಯನ್ನು ನಂಬಬೇಡಿ, ಕಾಗದವನ್ನು ನಂಬಿ. ಖಾತೆ ನಂಬರನ್ನು ಮೂರು ಮೂರು ಅಂಕಿಯಾಗಿ ಒಡೆದು ಬರೆದುಕೊಂಡು, ಗ್ರಾಹಕರಿಗೆ ಗಟ್ಟಿಯಾಗಿ ಓದಿ ಹೇಳಿ. ನನ್ನನ್ನು ಉಳಿಸಿದ್ದು ಇದೇ ಉಪಾಯ. ಹಾಲಿಗೆ ಸೀಟಿ ಹೊಡೆಯುವ ಹಾಲಿನ ಕುಕ್ಕರ್ ತಗೊಳ್ಳಿ. ರಾತ್ರಿ ಹೊತ್ತು ಸ್ಕೂಟರ್ ಬೇಡ. ಹದಿನೇಳು ಗಂಟೆ ಸತತ ಎಚ್ಚರವಿದ್ದವರ ಕೈ ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ 0.05 ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಅಂತ 1997ರಲ್ಲಿ ಆಸ್ಟ್ರೇಲಿಯಾದಲ್ಲಿ ಅಳೆದು ನೋಡಿದ್ದರು. ನಮ್ಮ ಕಾನೂನಿನ ಮಿತಿ ಶೇ 0.03. ಐದಕ್ಕೆ ಏಳುವ ನಿಮಗೆ ರಾತ್ರಿ ಹತ್ತಕ್ಕೆ ಹದಿನೇಳು ಗಂಟೆ ಆಗಿರುತ್ತದೆ, ಅದೂ ಹಿಂದಿನ ಬಾಕಿ ಬಿಟ್ಟು.

ನಿದ್ದೆಯ ಮೇಲೆ ಎಲ್ಲ ತಪ್ಪನ್ನೂ ಹೊರಿಸಿ ಕೂರುವುದೂ ತಪ್ಪು. ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ: ಥೈರಾಯ್ಡ್, ಬಿ12, ಹಿಮೋಗ್ಲೋಬಿನ್, ಸಕ್ಕರೆ. ನೀವು ಸಸ್ಯಾಹಾರಿ ಅಂದಿದ್ದೀರಿ, ಬಿ12 ಕಡಿಮೆ ಇರುವುದು ನಮ್ಮಲ್ಲಿ ಬಹಳ ಸಾಮಾನ್ಯ. ಅದೊಂದೇ ಮರೆವು ತರಬಲ್ಲದು, ಸರಿಪಡಿಸುವುದೂ ಸುಲಭ. ನಲವತ್ತರ ಮೇಲೆ ಮುಟ್ಟಿನಲ್ಲಿ ಏರುಪೇರು, ಮೈ ಬಿಸಿಯಾಗುವುದು ಶುರುವಾಗಿದ್ದರೆ ಅದೂ ನಿದ್ದೆ ನೆನಪು ಎರಡನ್ನೂ ಕೆಡಿಸುತ್ತದೆ. ಜೋರು ಗೊರಕೆ, ನಡುವೆ ಉಸಿರು ನಿಂತ ಹಾಗಾಗುವುದು ಇದೆಯಾ ಅಂತ ನಿಮ್ಮವರನ್ನು ಕೇಳಿ. ಇದ್ದರೆ ಅದು ಬೇರೆಯೇ ಕಾಯಿಲೆ, ಗಂಟೆ ಹೆಚ್ಚಿಸಿದರೆ ಹೋಗುವುದಿಲ್ಲ, ಪರೀಕ್ಷೆ ಬೇಕು. ಪತ್ರದ ನಡುವೆ 'ಕೆಲವು ಸಲ ಸುಮ್ನೆ ಅಳು ಬರುತ್ತೆ' ಅಂತ ಒಂದು ಸಾಲು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ನಾನು ಅಲ್ಲಿ ನಿಂತೆ. ಖಿನ್ನತೆಯೂ ಮರೆವಿನ ವೇಷದಲ್ಲಿ ಬರುತ್ತದೆ. ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, ನಂಬರ್ 14416. ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡಬಹುದು.

ಎರಡು ತಿಂಗಳು ಸರಿಯಾಗಿ ನಿದ್ದೆ ಸಿಕ್ಕ ಮೇಲೂ ಮರೆವು ಹೀಗೇ ಇದ್ದರೆ, ಅಥವಾ ನಿಮಗಿಂತ ಮನೆಯವರೇ ಹೆಚ್ಚು ಗಮನಿಸಲು ಶುರು ಮಾಡಿದರೆ, ನರರೋಗ ತಜ್ಞರನ್ನು ನೋಡಿ. ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲೂ ಇದಕ್ಕೆಂದೇ ಕ್ಲಿನಿಕ್‌ಗಳು ಬಂದಿವೆ, ಅಲ್ಲಿ ವಿಚಾರಿಸಿ. ಇದ್ದಕ್ಕಿದ್ದಂತೆ ಮಾತು ತೊದಲಿದರೆ, ಒಂದು ಕಡೆಯ ಕೈಕಾಲು ಸೋತರೆ ಮಾತ್ರ ಕಾಯಬೇಡಿ. ಅದು ಹೇಗಿರುತ್ತದೆ ಅಂತ ನಿಮಗೆ ಮನೆಯಲ್ಲೇ ನೋಡಿ ಗೊತ್ತು.

ಮ್ಯಾನೇಜರ್ ಹತ್ತಿರ ಕೇಳಲಾ ಅಂದಿರಿ. ಕೇಳಿ. 'ನನಗೆ ಮರೆವು' ಅಂತ ಹೇಳಬೇಡಿ, ಅದು ನಿಜವೂ ಅಲ್ಲ. 'ಮನೆಯಲ್ಲಿ ರೋಗಿ ಇದ್ದಾರೆ, ರಾತ್ರಿ ನಿದ್ದೆ ಆಗುತ್ತಿಲ್ಲ, ಎರಡು ತಿಂಗಳು ಕ್ಯಾಶ್ ಬಿಟ್ಟು ಬೇರೆ ಕೆಲಸ ಕೊಡಿ' ಅನ್ನಿ. ಅಲ್ಲಿಯವರೆಗೆ ಒಂದು ನೋಟ್‌ಪುಸ್ತಕದಲ್ಲಿ ದಿನಾ ನಾಲ್ಕು ಸಂಗತಿ ಬರೆದಿಡಿ: ಮಲಗಿದ್ದು, ಎದ್ದದ್ದು, ನಡುವೆ ಎದ್ದದ್ದು ಎಷ್ಟು ಸಲ, ಮರುದಿನ ಏನೇನು ಮರೆತಿರಿ. ಎರಡು ವಾರ ಆದ ಮೇಲೆ ಆ ಪುಟಗಳ ಫೋಟೋ ನನಗೆ ಕಳಿಸಿ. ಹಗಲು ಹೊತ್ತು ಕಳಿಸಿ. ಈ ಪತ್ರ ಬಂದದ್ದು ರಾತ್ರಿ 1.50ಕ್ಕೆ.